ಬೆಳಕು ತರುವ ಚಳಿ

ಬಿಸಿಲಿಗೆ ಮೈ ಕಾಯಿಸುವುದು ನಮಗೆಲ್ಲ ಗೊತ್ತು, ಬೆಳಕಿನಿಂದ ತಂಪಾಗಿಸುವುದುಂಟೆ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪರಮಾಣುಗಳನ್ನು ಹಾಗೆಯೇ ತಂಪಾಗಿಸುತ್ತಾರೆ. ಪರಮಾಣುಗಳ ಓಡಾಟವೇ ಶಾಖವಲ್ಲವೆ? ನಿರ್ವಾತದಲ್ಲಿರುವ ರುಬಿಡಿಯಂ ಪರಮಾಣುಗಳ ಮೇಲೆ, ಎದುರು ಬರುವುದನ್ನೇ ಹೆಚ್ಚು ತಡೆಯುವಂತೆ ಹದಗೊಳಿಸಿದ ಲೇಸರ್ ಕಿರಣಗಳನ್ನು ಆರು ಕಡೆಯಿಂದ ಹಾಯಿಸುತ್ತಾರೆ. ಎದುರುಗಾಳಿಗೆ ಸಿಕ್ಕ ಸೈಕಲ್ಲಿನಂತೆ ಅವುಗಳ ವೇಗ ಕುಗ್ಗುತ್ತದೆ.

ಇದರಿಂದೇನು ಲಾಭವೆನ್ನುವಿರಿ. ನಿಧಾನವಾದ ಪರಮಾಣುವಿನ ಮಿಡಿತವನ್ನು ನಿಖರವಾಗಿ ಎಣಿಸಬಹುದು. 1967ರಿಂದ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳೇ ಒಂದು ಸೆಕೆಂಡು. ಹೀಗೆ ತಂಪಾಗಿಸಿದ ಸೀಸಿಯಂ ಗಡಿಯಾರಗಳು ಇಂದು ಜಗತ್ತಿನ ಕಾಲವನ್ನು ತಿದ್ದುತ್ತಿವೆ. ದಾರಿ ತೋರುವ ಉಪಗ್ರಹದ ಗಡಿಯಾರವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರು ಕೆಡುತ್ತದೆ. ಲಕ್ಷ್ಮೀಪುರಂಗೆ ಬಂದ ನೆಂಟರು ಬೇರೆ ಬೀದಿಯ ಬಾಗಿಲು ತಟ್ಟಿಯಾರು!