‘ಮೇ’ ಎಂದರೆ ‘ಬಹುದು’, ಆದರೆ ಎಷ್ಟರಮಟ್ಟಿಗೆ?

ಇಂಗ್ಲಿಷ್ ಕಲಿಯುವ ಮಗುವಿಗೆ ತರಗತಿಯ ಬಾಗಿಲಲ್ಲೇ ಎದುರಾಗುವ ಕ್ರಿಯಾಪದ ‘ಮೇ’. ‘ಮೇ ಐ ಕಮ್ ಇನ್ ಸಾರ್?’ ಎಂದು ಕೇಳಿ ಒಳಗೆ ಕಾಲಿಡುವ ರೂಢಿ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಇದೆ. ಇಂಗ್ಲಿಷಿನಲ್ಲಿ ಬರೆದರೆ ಇದು ಮೂರೇ ಅಕ್ಷರದ ಮಾತು. ಇದರಲ್ಲಿ ತಿಳಿಯದಿರುವಂಥದ್ದು ಏನಿದೆ ಎನ್ನಿಸುವುದು ಸಹಜ. ಆದರೆ ಇದೇ ಪದದ ಅರ್ಥದ ಬಗ್ಗೆ 1963ರಲ್ಲಿ ಭಾರತದ ಸಂಸತ್ತಿನಲ್ಲಿ ದೊಡ್ಡ ವಾದವೇ ನಡೆಯಿತು. ಅಲ್ಲಿ ಬಗೆಹರಿಯದೆ ಉಳಿದ ಸಂದೇಹ ಎರಡು ವರ್ಷಗಳಲ್ಲಿ ಬೀದಿಗೆ ಬಂತು, ಜೀವಗಳನ್ನೂ ಬಲಿ ತೆಗೆದುಕೊಂಡಿತು. ಆ ಕಥೆಯನ್ನು ತಿಳಿಯಬೇಕಾದರೆ ಮೊದಲು ಪದದ ಹುಟ್ಟನ್ನು ನೋಡಬೇಕು.

ಹಳೆಯ ಇಂಗ್ಲಿಷಿನಲ್ಲಿ ‘ಮೇ’ ಎಂಬುದರ ಪೂರ್ವರೂಪಕ್ಕೆ ‘ಬಲ ಉಂಟು, ಕೈಲಾಗುತ್ತದೆ’ ಎಂದು ಅರ್ಥ. ಬಲ, ಪರಾಕ್ರಮ ಎಂಬ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಮೈಟ್’ ಅದೇ ಬೇರಿನದು. ಕಾಲ ಸರಿದಂತೆ ಬಲದ ಅರ್ಥ ಸವೆದು ‘ಸಾಧ್ಯತೆ’ ಎಂಬ ಅರ್ಥ ಮೂಡಿತು. ಅನಂತರ ‘ಅನುಮತಿ’ಯ ಅರ್ಥವೂ ಸೇರಿತು. ಬಲದ ಅರ್ಥ ಖಾಲಿ ಮಾಡಿದ ಜಾಗಕ್ಕೆ ‘ಕ್ಯಾನ್’ ಬಂದು ಕುಳಿತಿತು. ಹೀಗಾಗಿ ಇಂದಿನ ‘ಮೇ’ ಪದಕ್ಕೆ ಮುಖ್ಯವಾಗಿ ಎರಡು ಕೆಲಸ. ‘ಇಟ್ ಮೇ ರೈನ್’ ಎಂದರೆ ಮಳೆ ಬಂದೀತು, ಇದು ಸಾಧ್ಯತೆ. ‘ಯೂ ಮೇ ಗೋ’ ಎಂದರೆ ನೀನಿನ್ನು ಹೋಗಬಹುದು, ಇದು ಅನುಮತಿ. ಹರಸುವಾಗ, ಹಾರೈಸುವಾಗ ವಾಕ್ಯದ ಮೊದಲಿಗೆ ಬರುವ ‘ಮೇ’ ಮೂರನೆಯದು.

ಇದರ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಪದ ‘ಶಲ್’. ಇದರ ಮೂಲಾರ್ಥ ‘ತೆರಬೇಕಾಗಿದೆ, ಋಣವಿದೆ’ ಎಂದು. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ಅಪರಾಧಕ್ಕೂ ಒಂದೇ ಹೆಸರಾದ ‘ಶುಲ್ಡ್’ ಇದರ ದಾಯಾದಿ. ಅಂದರೆ ‘ಮೇ’ ಹುಟ್ಟಿದ್ದು ಬಲದಿಂದ, ‘ಶಲ್’ ಹುಟ್ಟಿದ್ದು ಸಾಲದಿಂದ. ಬಲವಿದ್ದವನು ಮಾಡಿದರೂ ಮಾಡಿಯಾನು, ಬಿಟ್ಟರೂ ಬಿಟ್ಟಾನು. ಸಾಲವಿದ್ದವನು ತೀರಿಸಲೇಬೇಕು. ಕಾನೂನು ಬರೆಯುವವರು ಈ ಎರಡು ಪದಗಳನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣವೆನ್ನಬಹುದು. ವಿವೇಚನೆಗೆ ಬಿಟ್ಟದ್ದು ‘ಮೇ’, ಕಡ್ಡಾಯವಾದದ್ದು ‘ಶಲ್’. ಕನ್ನಡದ ಕಾಯ್ದೆಗಳಲ್ಲಿ ಮೊದಲನೆಯದಕ್ಕೆ ‘ಬಹುದು’, ಎರಡನೆಯದಕ್ಕೆ ‘ತಕ್ಕದ್ದು’ ಎಂದು ಬರೆಯುತ್ತಾರೆ.

ಕನ್ನಡದ ‘ಬಹುದು’ ಕೂಡ ಇಂಗ್ಲಿಷಿನ ‘ಮೇ’ಯಂತೆಯೇ ಇಬ್ಬಗೆಯದು ಎಂಬುದು ಸ್ವಾರಸ್ಯದ ಸಂಗತಿ. ‘ನಾಳೆ ಮಾವ ಬರಬಹುದು’ ಎಂದರೆ ಊಹೆ. ‘ತಾವಿನ್ನು ಒಳಗೆ ಬರಬಹುದು’ ಎಂದರೆ ಅಪ್ಪಣೆ. ಆದರೆ ಇಲ್ಲವೆನ್ನುವಾಗ ಕನ್ನಡ ಜಾಣತನ ತೋರುತ್ತದೆ. ಅಪ್ಪಣೆಯಿಲ್ಲ ಎನ್ನಲು ‘ಬರಬಾರದು’, ‘ಬರಕೂಡದು’ ಎನ್ನುತ್ತದೆ. ಬರುವುದು ಅನುಮಾನ ಎನ್ನಲು ‘ಬರದೆ ಇರಬಹುದು’ ಎನ್ನುತ್ತದೆ. ಎರಡಕ್ಕೂ ಬೇರೆ ಬೇರೆ ರೂಪ. ಇಂಗ್ಲಿಷಿನಲ್ಲಾದರೋ ಎರಡಕ್ಕೂ ‘ಮೇ ನಾಟ್’ ಒಂದೇ. ‘ಹೀ ಮೇ ನಾಟ್ ಕಮ್’ ಎಂದರೆ ಅವನು ಬರಬಾರದೆಂದೂ ಆಗುತ್ತದೆ, ಬಾರದೆ ಇರಬಹುದೆಂದೂ ಆಗುತ್ತದೆ. ಮಾತಿನ ಸಂದರ್ಭವೊಂದೇ ಅರ್ಥವನ್ನು ಕಾಯಬೇಕು. ಮನೆಯ ಮಾತಿನಲ್ಲಿ ಸಂದರ್ಭ ಎದುರಿಗೇ ಇರುತ್ತದೆ. ಕಾಯ್ದೆಯ ಪುಸ್ತಕದಲ್ಲಿ ಹಾಗಲ್ಲ. ಬರೆದವರು ಹೋದ ಮೇಲೂ ಬರಹ ಉಳಿಯುತ್ತದೆ.

ಈಗ 1963ಕ್ಕೆ ಬರೋಣ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 343ನೇ ಅನುಚ್ಛೇದ ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎಂದಿತು. ಹದಿನೈದು ವರ್ಷಗಳ ಮಟ್ಟಿಗೆ ಇಂಗ್ಲಿಷ್ ಮುಂದುವರಿಯತಕ್ಕದ್ದೆಂದೂ ಹೇಳಿತು. ಅನಂತರವೂ ಇಂಗ್ಲಿಷ್ ಬೇಕಾದರೆ ಸಂಸತ್ತು ಕಾನೂನು ಮಾಡಬಹುದು ಎಂದಿತು. ಅವಧಿ ಮುಗಿಯುವ ದಿನ 1965ರ ಜನವರಿ 26. ಹಿಂದಿಯೇತರ ರಾಜ್ಯಗಳಲ್ಲಿ ಆತಂಕ ಬೆಳೆದಾಗ ಪ್ರಧಾನಿ ಜವಾಹರಲಾಲ್ ನೆಹರೂ 1959ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಭರವಸೆ ಕೊಟ್ಟರು: ಜನರಿಗೆ ಬೇಕೆನಿಸುವವರೆಗೆ ಇಂಗ್ಲಿಷ್ ಪರ್ಯಾಯ ಭಾಷೆಯಾಗಿರುತ್ತದೆ, ಅದನ್ನು ನಿರ್ಧರಿಸುವವರು ಹಿಂದಿ ಬಲ್ಲವರಲ್ಲ, ಹಿಂದಿ ಬಾರದವರು. ಆ ಭರವಸೆಗೆ ಕಾನೂನಿನ ರೂಪ ಕೊಡಲೆಂದು ಗೃಹಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ 1963ರ ಏಪ್ರಿಲ್‌ನಲ್ಲಿ ಅಧಿಕೃತ ಭಾಷೆಗಳ ಮಸೂದೆಯನ್ನು ಮಂಡಿಸಿದರು.

ಮಸೂದೆಯ 3ನೇ ಪ್ರಕರಣದ ತಿರುಳು ಇಷ್ಟು: ಹದಿನೈದು ವರ್ಷ ಮುಗಿದ ಮೇಲೂ ಹಿಂದಿಯ ಜೊತೆಗೆ ಇಂಗ್ಲಿಷನ್ನು ಬಳಸುತ್ತ ಹೋಗಬಹುದು. ಇಂಗ್ಲಿಷ್ ಪಾಠದಲ್ಲಿದ್ದ ಕ್ರಿಯಾಪದ ‘ಮೇ’. ವಿವಾದ ಹುಟ್ಟಿದ್ದು ಇಲ್ಲಿ. ರಾಜ್ಯಸಭೆಯಲ್ಲಿದ್ದ ಡಿ.ಎಂ.ಕೆ. ನಾಯಕ ಸಿ.ಎನ್. ಅಣ್ಣಾದುರೈ ಆಕ್ಷೇಪ ಎತ್ತಿದರು. ಇಂದಿನ ಸರ್ಕಾರ ‘ಬಳಸಬಹುದು’ ಎಂದು ಓದುವುದನ್ನು ನಾಳೆಯ ಸರ್ಕಾರ ‘ಬಳಸದೆಯೂ ಇರಬಹುದು’ ಎಂದು ಓದಿದರೆ ತಡೆಯುವವರು ಯಾರು ಎಂಬುದು ಅವರ ವಾದದ ಸಾರ. ಈ ಸಂದರ್ಭದಲ್ಲಿ ‘ಮೇ’ಗೂ ‘ಶಲ್’ಗೂ ಅರ್ಥ ಒಂದೇ ಎಂಬುದು ನೆಹರೂ ಅವರ ಉತ್ತರ. ಒಂದೇ ಆದರೆ ‘ಶಲ್’ ಎಂದೇ ಬರೆಯಲು ಅಡ್ಡಿಯೇನು ಎಂದು ವಿರೋಧಿಗಳು ಕೇಳಿದರು. ಆದರೂ ಮಸೂದೆ ‘ಮೇ’ ಸಹಿತವಾಗಿಯೇ ಕಾಯ್ದೆಯಾಯಿತು.

ನೆಹರೂ ಅವರ ಮಾತನ್ನು ಬರಿಯ ಜಾರಿಕೆಯ ಉತ್ತರ ಎನ್ನುವುದು ನ್ಯಾಯವಲ್ಲ. ಅಧಿಕಾರದ ಜೊತೆಗೆ ಕರ್ತವ್ಯವೂ ಬೆಸೆದುಕೊಂಡಿದ್ದರೆ ‘ಮಾಡಬಹುದು’ ಎಂಬುದು ‘ಮಾಡಲೇಬೇಕು’ ಎಂದಾಗಬಲ್ಲದು ಎಂಬ ತತ್ವವನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1880ರಲ್ಲೇ, ಆಕ್ಸ್‌ಫರ್ಡಿನ ಬಿಷಪ್ಪರ ಮೇಲಿನ ಮೊಕದ್ದಮೆಯಲ್ಲಿ ಚರ್ಚಿಸಿತ್ತು. ಭಾರತದ ನ್ಯಾಯಾಲಯಗಳೂ ಅದನ್ನು ಒಪ್ಪಿವೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಲೋಕಸೇವಾ ಆಯೋಗದ ಸಲಹೆಯನ್ನು ಕೇಳತಕ್ಕದ್ದು ಎಂದು ಸಂವಿಧಾನದ 320ನೇ ಅನುಚ್ಛೇದದಲ್ಲಿ ‘ಶಲ್’ ಇದ್ದರೂ, ಕೇಳದೆ ಕೈಗೊಂಡ ಕ್ರಮ ಅಷ್ಟರಿಂದಲೇ ಅಸಿಂಧುವಾಗದು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. ಅಂದರೆ ಪದವೊಂದನ್ನೇ ನೋಡಿ ತೀರ್ಮಾನಿಸಲಾಗದು, ಕಾಯ್ದೆಯ ಉದ್ದೇಶವನ್ನೂ ನೋಡಬೇಕೆಂಬುದು ನ್ಯಾಯಾಲಯಗಳ ದಾರಿ.

ಹಾಗಿದ್ದರೆ ಅಣ್ಣಾದುರೈ ಅವರ ಭಯ ಹುರುಳಿಲ್ಲದ್ದೇ? ಅದೂ ಅಲ್ಲ. ನ್ಯಾಯಾಲಯದ ಅರ್ಥವಿವರಣೆ ಬರುವುದು ಜಗಳ ಹುಟ್ಟಿದ ಮೇಲೆ. ರೈಲ್ವೆ ನೌಕರಿಗೆ, ಕೇಂದ್ರ ಸೇವೆಯ ಪರೀಕ್ಷೆಗೆ ಅರ್ಜಿ ಹಾಕುವ ತರುಣನಿಗೆ ಬೇಕಾದದ್ದು ಮೊದಲೇ ಸಿಗುವ ಖಾತರಿ. ಪ್ರಧಾನಿಯ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಕಾಯ್ದೆಯ ಹೊರಗಿನ ಮಾತು. 1964ರ ಮೇ 27ರಂದು ನೆಹರೂ ತೀರಿಕೊಂಡರು. ಭರವಸೆ ಕೊಟ್ಟವರು ಹೋದರು, ‘ಮೇ’ ಉಳಿಯಿತು.

1965ರ ಜನವರಿ 26 ಹತ್ತಿರವಾದಂತೆ ಮದ್ರಾಸ್ ರಾಜ್ಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮೆರವಣಿಗೆ, ಗಲಭೆ, ಗೋಲಿಬಾರು ನಡೆದವು. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಸತ್ತವರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲೇ ಹತ್ತಾರು. ಆ ಜನವರಿಯ ಕೊನೆಯಲ್ಲಿ ಕಾಮರಾಜ್, ಮೈಸೂರಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಮೊದಲಾದ ಕಾಂಗ್ರೆಸ್ ನಾಯಕರು ಬೆಂಗಳೂರಿನಲ್ಲಿ ಸೇರಿ ಹಿಂದಿಯನ್ನು ಬಲವಂತವಾಗಿ ಹೇರಬಾರದೆಂದರು. ಫೆಬ್ರವರಿಯಲ್ಲಿ ಕೇಂದ್ರ ಮಂತ್ರಿಗಳಾದ ಸಿ. ಸುಬ್ರಮಣ್ಯಂ ಮತ್ತು ಒ.ವಿ. ಅಳಗೇಶನ್ ರಾಜೀನಾಮೆಗೆ ಮುಂದಾದರು. ಆಗ ಪ್ರಧಾನಿಯಾಗಿದ್ದ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತನಾಡಿ ನೆಹರೂ ಭರವಸೆಯನ್ನು ಉಳಿಸಿಕೊಳ್ಳುವುದಾಗಿ ಸಾರಿದರು. 1967ರ ಚುನಾವಣೆಯಲ್ಲಿ ಮದ್ರಾಸಿನ ಅಧಿಕಾರ ಡಿ.ಎಂ.ಕೆ. ಕೈಗೆ ಹೋಯಿತು, ಅಣ್ಣಾದುರೈ ಮುಖ್ಯಮಂತ್ರಿಯಾದರು.

ಅದೇ ವರ್ಷದ ಕೊನೆಯಲ್ಲಿ ಇಂದಿರಾ ಗಾಂಧಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಆಗ ಉತ್ತರದಲ್ಲಿ ಇಂಗ್ಲಿಷ್ ವಿರೋಧಿ ಪ್ರದರ್ಶನಗಳು ನಡೆದವು. ತಿದ್ದುಪಡಿಯ ಕುಶಲತೆಯನ್ನು ಗಮನಿಸಬೇಕು. ಮೊದಲ ಉಪಪ್ರಕರಣದಲ್ಲಿದ್ದ ‘ಮೇ’ಯನ್ನು ಅದು ಮುಟ್ಟಲಿಲ್ಲ, ಅದರ ಸುತ್ತ ‘ಶಲ್’ಗಳ ಬೇಲಿ ಕಟ್ಟಿತು. ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ರಾಜ್ಯದೊಡನೆ ಕೇಂದ್ರವು ಇಂಗ್ಲಿಷಿನಲ್ಲಿ ವ್ಯವಹರಿಸತಕ್ಕದ್ದು. ಕೇಂದ್ರದ ನಿರ್ಣಯ, ನಿಯಮ, ಅಧಿಸೂಚನೆಗಳಿಗೆ ಹಿಂದಿ, ಇಂಗ್ಲಿಷ್ ಎರಡನ್ನೂ ಬಳಸತಕ್ಕದ್ದು. ಈ ಏರ್ಪಾಡು ರದ್ದಾಗಬೇಕಾದರೆ ಅಂಥ ಎಲ್ಲ ರಾಜ್ಯಗಳ ಶಾಸನಸಭೆಗಳೂ ನಿರ್ಣಯ ಮಾಡಬೇಕು. ಅವನ್ನು ಪರಿಗಣಿಸಿ ಸಂಸತ್ತಿನ ಎರಡೂ ಸದನಗಳು ನಿರ್ಣಯಿಸಬೇಕು. ಯಾವುದೇ ಒಂದು ರಾಜ್ಯ ಒಪ್ಪದಿದ್ದರೂ ಏರ್ಪಾಡು ಮುಂದುವರಿಯುತ್ತದೆ. ಕನ್ನಡವನ್ನು ಆಡಳಿತ ಭಾಷೆಯಾಗಿಸಿಕೊಂಡ ಕರ್ನಾಟಕವೂ ಈ ಬೇಲಿಯ ರಕ್ಷಣೆಯಲ್ಲಿದೆ. ನೆಹರೂ ಅವರ ಬಾಯಿಮಾತು ಹೀಗೆ ಲಿಖಿತವಾಯಿತು.

ಪದವೊಂದೇ ಈ ಚಳವಳಿಗೆ ಕಾರಣವೆಂದರೆ ಅತಿಯಾದೀತು. ಉದ್ಯೋಗದ ಚಿಂತೆ, ಭಾಷೆಯ ಅಭಿಮಾನ, ಪಕ್ಷಗಳ ಪೈಪೋಟಿ ಎಲ್ಲವೂ ಅದರ ಹಿಂದಿದ್ದವು. ಆದರೆ ಆ ಎಲ್ಲ ಸಂಶಯಗಳಿಗೂ ಕುಳಿತುಕೊಳ್ಳಲು ಜಾಗ ಕೊಟ್ಟದ್ದು ‘ಮೇ’. ಎರಡೂ ಕಡೆಯವರು ತಮತಮಗೆ ಬೇಕಾದಂತೆ ಓದಿಕೊಳ್ಳಬಲ್ಲ ಪದ ರಾಜಿಗೆ ಅನುಕೂಲ. ಆದರೆ ನಂಬಿಕೆ ಕದಡಿದಾಗ ಅದೇ ಪದ ಎರಡೂ ಕಡೆಯವರಿಗೆ ಅನುಮಾನದ ಬೀಜವಾಗುತ್ತದೆ.

ಇದು ಸಂಸತ್ತಿಗೆ ಮಾತ್ರ ಸಲ್ಲುವ ಪಾಠವಲ್ಲ. ಬ್ಯಾಂಕಿನ ಸಾಲಪತ್ರ, ವಿಮೆಯ ಪಾಲಿಸಿ, ಬಾಡಿಗೆ ಕರಾರು, ನೌಕರಿಯ ನೇಮಕಪತ್ರ ಇವೆಲ್ಲವುಗಳಲ್ಲೂ ‘ಮೇ’ ಮತ್ತು ‘ಶಲ್’ ಸಾಲುಸಾಲಾಗಿ ಕುಳಿತಿರುತ್ತವೆ. ಬಹಳ ಸಲ ಸಹಿ ಹಾಕುವವನ ಪಾಲಿಗೆ ‘ಶಲ್’, ಹಾಕಿಸಿಕೊಳ್ಳುವವರ ಪಾಲಿಗೆ ‘ಮೇ’. ಅವನು ಕಂತು ಕಟ್ಟತಕ್ಕದ್ದು, ಅವರು ಬಡ್ಡಿ ಬದಲಿಸಬಹುದು. ಪತ್ರದಲ್ಲಿರುವ ಮೊತ್ತವನ್ನೂ ದಿನಾಂಕವನ್ನೂ ಎರಡೆರಡು ಸಲ ನೋಡುವವರು ವಾಕ್ಯದ ಕ್ರಿಯಾಪದವನ್ನು ಒಂದು ಸಲವಾದರೂ ನೋಡುವುದು ಒಳ್ಳೆಯದು. ‘ಬಹುದು’ ಎಂದಿದ್ದರೆ ಯಾರಿಗೆ ಬಹುದು, ಆಗದಿದ್ದರೆ ಏನು ಎಂದು ಸಹಿಗೆ ಮುಂಚೆಯೇ ಕೇಳಬೇಕು.