ದೀಕ್ಷೆಯ ಮಾತು, ಶಿಬಿರಾಗ್ನಿಯ ಹಾಡು
(ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳ ಆಚರಣೆಗಳನ್ನು ಕುರಿತು ಮಾತನಾಡಬೇಕೆಂದು ತಾವು ಸೂಚಿಸಿದಾಗ ನನ್ನ ನೆನಪಿಗೆ ಮೊದಲು ಬಂದುದು ಕಾಸರಗೋಡು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಹಲವು ವರ್ಷಗಳ ಹಿಂದೆ ನಡೆದ ದೀಕ್ಷಾ ಸಮಾರಂಭ. ಐದನೆಯ ತರಗತಿಯ ಬಾಲಕಿಯೊಬ್ಬಳು ಧ್ವಜದ ಮುಂದೆ ನೆಟ್ಟಗೆ ನಿಂತು, ಮೂರು ಬೆರಳುಗಳನ್ನೆತ್ತಿ, ಪ್ರತಿಜ್ಞೆಯನ್ನು ಇಂಗ್ಲಿಷಿನಲ್ಲಿ ಒಂದಕ್ಷರವೂ ತಪ್ಪದಂತೆ ಒಪ್ಪಿಸಿದಳು. ಸ್ಕಾರ್ಫ್ ಕೊರಳಿಗೆ ಬಂತು, ಬ್ಯಾಡ್ಜು ಎದೆಗೇರಿತು. ಸಮಾರಂಭ ಮುಗಿದ ಮೇಲೆ ನಾನು, "ಏನೆಂದು ಮಾತು ಕೊಟ್ಟೆ ಮಗೂ?" ಎಂದು ಕೇಳಿದೆ. "ಗೊತ್ತಿಲ್ಲ ಟೀಚರ್, ಬಾಯಿಪಾಠ ಮಾಡಿದ್ದು" ಎಂದಳು. ಆ ದಳದ ತರಬೇತಿಯಲ್ಲಿ ನನ್ನ ಪಾಲೂ ಇದ್ದುದರಿಂದ ಆ ಉತ್ತರ ನನಗೇ ತಾಗಿತು.

ದೀಕ್ಷಾ ಸಮಾರಂಭವು ಸಮವಸ್ತ್ರ ತೊಡಿಸುವ ಕಾರ್ಯಕ್ರಮವಲ್ಲ. ಮಗುವು ತನ್ನ ಮಾನವನ್ನೇ ಒತ್ತೆಯಿಟ್ಟು, ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯ, ಪರರಿಗೆ ನೆರವು, ನಿಯಮಪಾಲನೆ ಎಂಬ ಮೂರು ವಿಷಯಗಳಲ್ಲಿ ಮಾತು ಕೊಡುವ ಸಂದರ್ಭವದು. ಎತ್ತಿದ ಮೂರು ಬೆರಳುಗಳು ಈ ಮೂರನ್ನೇ ಸೂಚಿಸುತ್ತವೆ. ದೇವರೆಂಬ ಪದದ ಬದಲಿಗೆ ಧರ್ಮವೆಂಬ ಪದವನ್ನು ಬಳಸಲು ನಮ್ಮ ದೇಶದಲ್ಲಿ ಅವಕಾಶವಿದೆ. ಆಡುವವರ ಮನಸ್ಸಿಗೆ ಒಪ್ಪುವ ಮಾತನ್ನೇ ಆಡಿಸಬೇಕೆಂಬ ಎಚ್ಚರ ಅದರಲ್ಲಿ ಕಾಣುತ್ತದೆ. ಹಾಗಿರುವಾಗ ಅರ್ಥವೇ ಆಗದ ಮಾತಿನಿಂದ ಮಗುವನ್ನು ಕಟ್ಟಿಹಾಕುವುದು ಹೇಗೆ ಸರಿಯಾದೀತು? ಕನ್ನಡದ ಮಕ್ಕಳಿಗೆ ಪ್ರತಿಜ್ಞೆಯನ್ನೂ ಒಂಬತ್ತು ನಿಯಮಗಳನ್ನೂ ಕನ್ನಡದಲ್ಲಿಯೇ ತಿಳಿಸಿ, ಕನ್ನಡದಲ್ಲಿಯೇ ನುಡಿಸಬೇಕು. ಜಿಲ್ಲಾ ಮಟ್ಟದ ಪರೀಕ್ಷೆಗೆ ಬೇರೆ ಭಾಷೆಯ ಪಾಠ ಬೇಕಾದರೆ ಅನಂತರ ಕಲಿಸಬಹುದು. ಕೃಪಾಂಕದ ಆಸೆಯಿಂದ ದಳಕ್ಕೆ ಸೇರುವವರೂ ಇದ್ದಾರೆಂಬುದು ನಮಗೆಲ್ಲ ತಿಳಿದ ವಿಷಯವೇ. ಅದಕ್ಕಾಗಿ ನಾನು ಮಕ್ಕಳನ್ನು ದೂರುವುದಿಲ್ಲ. ಬಂದ ಮೇಲೆ ಅವರಿಗೆ ಏನು ದಕ್ಕಿತು ಎಂಬುದಷ್ಟೇ ನನ್ನ ಪ್ರಶ್ನೆ.

ಆಚರಣೆಗಳನ್ನು ನೆಲಕ್ಕೆ ಹೊಂದಿಸಿಕೊಳ್ಳುವುದು ಈ ಚಳವಳಿಗೆ ಹೊಸದಲ್ಲ. ಭಾರತದ ಮೊದಲ ಸ್ಕೌಟ್ ದಳವು 1909ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಆದರೆ ಆರಂಭದ ದಳಗಳಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಅವರಿಗಾಗಿ ಮದರಾಸಿನಲ್ಲಿ ಪ್ರತ್ಯೇಕ ಸಂಘವನ್ನು ಕಟ್ಟಿದ ಆನಿ ಬೆಸೆಂಟರು ಟೊಪ್ಪಿಗೆಯ ಬದಲು ಪೇಟವನ್ನೂ, ಇಂಗ್ಲಿಷ್ ಹಾಡುಗಳ ಬದಲು ಭಾರತೀಯ ಹಾಡುಗಳನ್ನೂ ತಂದರು. ಇಂತಹ ಬೇರೆ ಬೇರೆ ಸಂಘಗಳು ಒಂದುಗೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಸ್ಥಾಪನೆಯಾಯಿತು. ಆ ದಿನವನ್ನೇ ನಾವು ಸ್ಥಾಪನಾ ದಿನವಾಗಿ ಆಚರಿಸುತ್ತೇವೆ.

ಇನ್ನು ಶಿಬಿರಾಗ್ನಿ. ಇದರ ವಿಷಯದಲ್ಲಿ ತುಸು ನಿಧಾನಿಸಲು ಅನುಮತಿ ಕೊಡಿ. ಹಗಲೆಲ್ಲ ಗಂಟು ಕಟ್ಟಿ, ಅಡುಗೆ ಮಾಡಿ, ನಡೆದು ದಣಿದ ಮಕ್ಕಳು ಇರುಳಿನಲ್ಲಿ ಬೆಂಕಿಯ ಸುತ್ತ ಕೂರುತ್ತಾರೆ. ಬೆಂಕಿ ಭುಗಿಲೆದ್ದಿರುವಾಗ ಗದ್ದಲದ ಹಾಡು, ಕುಣಿತ, ಅಣಕು ನಾಟಕ. ಅದು ಕೆಂಡವಾಗುತ್ತ ಬಂದಂತೆ ಕಥೆ, ಮೆಲುದನಿಯ ಹಾಡು, ಕೊನೆಗೆ ಸರ್ವಧರ್ಮ ಪ್ರಾರ್ಥನೆ. ಹಿಂದಿನ ಶಿಬಿರದ ಒಂದು ಹಿಡಿ ಬೂದಿಯನ್ನು ತಂದು ಹೊಸ ಬೆಂಕಿಗೆ ಸೇರಿಸುವ ಪದ್ಧತಿಯೂ ಹಲವು ಕಡೆ ಇದೆ.

ಇಂತಹ ಒಂದು ಸಂಯುಕ್ತ ಶಿಬಿರದಲ್ಲಿ ನಮ್ಮ ಕನ್ನಡ ಮಕ್ಕಳ ಸರದಿ ಬಂದಾಗ ಅವರು ಬೇರೆ ಭಾಷೆಯ ಚಲನಚಿತ್ರಗೀತೆಯೊಂದನ್ನು ಅರೆಬರೆಯಾಗಿ ಹಾಡಿ ಕುಳಿತರು. ಏಕೆಂದು ವಿಚಾರಿಸಿದರೆ, "ನಮ್ಮದು ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲವಲ್ಲ ಟೀಚರ್" ಎಂಬ ಉತ್ತರ ಬಂತು. ಆ ರಾತ್ರಿ ನಾನು ಅವರಿಗೆ ಬ್ರೌನ್‌ಸೀ ದ್ವೀಪದ ಕಥೆಯನ್ನು ಹೇಳಿದೆ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಸುಮಾರು ಇಪ್ಪತ್ತು ಬಾಲಕರನ್ನು ಅಲ್ಲಿಗೆ ಕರೆದೊಯ್ದರು. ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರೂ ದುಡಿಯುವ ಮನೆಗಳ ಹುಡುಗರೂ ಒಂದೇ ದಳದಲ್ಲಿದ್ದರು. ಆಫ್ರಿಕದಿಂದ ತಂದ ಕುಡು ಜಿಂಕೆಯ ಕೊಂಬನ್ನು ಊದಿ ಅವರನ್ನು ಎಬ್ಬಿಸುತ್ತಿದ್ದರು. ಇರುಳು ಬೆಂಕಿಯ ಸುತ್ತ ಅವರಿಂದ ಹಾಡಿಸಿದ್ದು ಜುಲು ಜನರ ಸಿಂಹದ ಹಾಡನ್ನು! ಹಾಡಿದ ಇಂಗ್ಲಿಷ್ ಹುಡುಗರಲ್ಲಿ ಒಬ್ಬನಿಗೂ ಆ ಭಾಷೆ ಬರುತ್ತಿರಲಿಲ್ಲ. ಶಿಬಿರಾಗ್ನಿಯಲ್ಲಿ ಅರ್ಥಕ್ಕಿಂತ ಮೊದಲು ದನಿಯೂ ತಾಳವೂ ಕೂಡಿಸುತ್ತವೆ. ಅರ್ಥವನ್ನು ಆಮೇಲೆ ಪಕ್ಕದವನನ್ನು ಕೇಳಿ ತಿಳಿಯಬಹುದು. ಪ್ರತಿಜ್ಞೆಗೂ ಹಾಡಿಗೂ ಇರುವ ಅಂತರ ಇದೇ.

ನಮ್ಮಲ್ಲಿ ಹಾಡಿಗೇನು ಬಡತನ? ಕುಂಬಳೆಯ ಪಾರ್ತಿಸುಬ್ಬನ ನಾಡಿನ ಮಗುವಿಗೆ ಯಕ್ಷಗಾನದ ಹೆಜ್ಜೆ ಮನೆಯಂಗಳದ್ದೇ. ತಾಳವಾಡಿಯ ಮಕ್ಕಳಿಗೆ ಮಾದಪ್ಪನ ಪದಗಳಿವೆ, ಜತ್ತ ಮತ್ತು ಅಕ್ಕಲಕೋಟೆಯ ಕಡೆ ಡೊಳ್ಳಿನ ಪದ, ರಾಯದುರ್ಗ ಮಡಕಶಿರಾಗಳಲ್ಲಿ ಕೋಲಾಟ. ತುಳುವೋ ಕೊಂಕಣಿಯೋ ಮರಾಠಿಯೋ ಮನೆಮಾತಾಗಿರುವ ಮಗು ನಮ್ಮ ದಳದಲ್ಲಿದ್ದರೆ ಆ ಹಾಡಿಗೂ ಬೆಂಕಿಯ ಬಳಿ ಜಾಗವಿರಲಿ. ಕನ್ನಡಕ್ಕೆ ಜಾಗ ಕೇಳುವ ನಾವು ಇನ್ನೊಂದು ನುಡಿಯನ್ನು ಹೊರಗೆ ನಿಲ್ಲಿಸಲಾಗದು.

ಕ್ಯಾಲೆಂಡರಿನ ಒಂದು ಅನುಕೂಲವನ್ನು ತಮ್ಮ ಗಮನಕ್ಕೆ ತರುತ್ತೇನೆ. ಫೆಬ್ರವರಿ 22 ಚಿಂತನ ದಿನ. ಬೇಡನ್ ಪೊವೆಲ್ ಮತ್ತು ಅವರ ಪತ್ನಿ ಓಲೇವ್, ಇಬ್ಬರ ಜನ್ಮದಿನವೂ ಅದೇ. 1926ರಲ್ಲಿ ಅಮೆರಿಕದಲ್ಲಿ ಸೇರಿದ ಗೈಡ್‌ಗಳ ವಿಶ್ವ ಸಮ್ಮೇಳನವು ಜಗತ್ತಿನ ಗೈಡ್‌ಗಳು ಪರಸ್ಪರರನ್ನು ನೆನೆಯುವ ದಿನವೆಂದು ಅದನ್ನು ಆರಿಸಿತು. ಹುಟ್ಟುಹಬ್ಬವೆಂದ ಮೇಲೆ ಉಡುಗೊರೆ ಬೇಡವೇ ಎಂದು 1932ರ ಸಮ್ಮೇಳನದಲ್ಲಿ ಬೆಲ್ಜಿಯಮಿನ ಪ್ರತಿನಿಧಿಯೊಬ್ಬರು ಕೇಳಿದ್ದರಿಂದ ಒಬ್ಬೊಬ್ಬರೂ ಒಂದು ಪೆನ್ನಿ ಕೊಡುವ ರೂಢಿ ಬಂತು. ಅದರ ಹಿಂದಿನ ದಿನ, ಫೆಬ್ರವರಿ 21, ಅಂತರರಾಷ್ಟ್ರೀಯ ಮಾತೃಭಾಷಾ ದಿನ. ಎರಡನ್ನೂ ಬೆಸೆದು ಆಚರಿಸಬಹುದು. ಮೊದಲ ದಿನ ಮಕ್ಕಳು ಅಜ್ಜಿಯಿಂದಲೋ ನೆರೆಮನೆಯವರಿಂದಲೋ ಒಂದು ಹಾಡನ್ನು ಕೇಳಿ ಬರೆದು ತರಲಿ. ಮರುದಿನ ಅದನ್ನು ನೆರೆಯ ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿ ಶಾಲೆಯ ದಳಕ್ಕೆ ಕಲಿಸಿ, ಅವರದೊಂದನ್ನು ಕಲಿತು ಬರಲಿ. ಇದಕ್ಕೆ ಹಣ ಬೇಡ, ಮುಖ್ಯೋಪಾಧ್ಯಾಯರ ಒಪ್ಪಿಗೆಯೊಂದಿದ್ದರೆ ಸಾಕು.

ಮೊದಲು ಹೇಳಿದ ಶಾಲೆಯಲ್ಲಿ ಮರುವರ್ಷ ನಾವು ದೀಕ್ಷೆಗೆ ಮುಂಚಿನ ತರಬೇತಿಯನ್ನು ಕನ್ನಡದಲ್ಲಿ ನಡೆಸಿದೆವು. ನಿಯಮವೊಂದಕ್ಕೆ ಒಂದು ದಿನ. ಅದರ ಬಗ್ಗೆ ಮಕ್ಕಳದ್ದೇ ಚರ್ಚೆ. ಸಮಾರಂಭದ ಹಿಂದಿನ ದಿನ ಒಬ್ಬ ಹುಡುಗಿ ಬಂದು, "ಕೊಟ್ಟ ಮಾತನ್ನು ನಡೆಸಲು ಆಗದಿದ್ದರೆ ಏನು ಟೀಚರ್?" ಎಂದು ಕೇಳಿದಳು. ತಪ್ಪದೆ ನಡೆಸುತ್ತೇನೆಂದು ಪ್ರತಿಜ್ಞೆ ಹೇಳುವುದಿಲ್ಲ, ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಹೇಳುತ್ತದೆ ಎಂದು ವಿವರಿಸಿದೆ. ಅವಳಿಗೆ ಅದು ಪೂರ್ತಿ ಸಮಾಧಾನ ತರಲಿಲ್ಲ. "ನಾನು ಇನ್ನೂ ಆಲೋಚಿಸಬೇಕು" ಎಂದಳು. ಮರುದಿನ ಉಳಿದವರಿಗೆ ದೀಕ್ಷೆಯಾಯಿತು. ಅವಳು ಸಾಲಿನ ಕೊನೆಯಲ್ಲಿ ನಿಂತು ನೋಡಿದಳು. ಎರಡು ವಾರಗಳ ಅನಂತರ ಅವಳೇ ಬಂದು ಕೇಳಿದ ದಿನ, ಅವಳೊಬ್ಬಳಿಗಾಗಿ ಮತ್ತೆ ಧ್ವಜವನ್ನು ಏರಿಸಿದೆವು.