ಕಾಲೇಜಿನ ಬದಲಿ ಮೇಷ್ಟರು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಕಾರ್ಮಿಕರ ಸಭೆಯಲ್ಲಿ ಕಾಲೇಜು ಮೇಷ್ಟರ ಮಾತೇಕೆ ಎಂದು ಕೆಲವರು ಕೇಳಿದರು. ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಕಾಲೇಜಿನ ಮೆಟ್ಟಿಲನ್ನು ಚಹಾದ ಕೆಟಲು ಹಿಡಿದು ಮಾತ್ರ ಹತ್ತಿದವನು. ಆದರೆ ಊರಿನಲ್ಲಿರುವ ನಮ್ಮ ಮಕ್ಕಳು ಓದುವುದು ಸರ್ಕಾರಿ ಕಾಲೇಜಿನಲ್ಲಿ. ಅಲ್ಲಿ ಪಾಠ ಹೇಳುವವರ ಸ್ಥಿತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ಕರ್ನಾಟಕದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸುಮಾರು 430. 2022ರ ಹೊತ್ತಿಗೆ ಅವುಗಳಲ್ಲಿ 14,000ಕ್ಕೂ ಹೆಚ್ಚು ಮಂದಿ ‘ಅತಿಥಿ ಉಪನ್ಯಾಸಕರು’ ಎಂಬ ಹೆಸರಿನಲ್ಲಿ ದುಡಿಯುತ್ತಿದ್ದರು. ಅತಿಥಿ! ನಮ್ಮ ಕಸುಬಿನಲ್ಲಿ ಅತಿಥಿ ಎಂದರೆ ಮೇಜಿಗೆ ಬಂದು ಕುಳಿತವನು, ಬಡಿಸುವವರು ನಾವು. ಅಲ್ಲಿ ಬಡಿಸುವವನನ್ನೇ ಅತಿಥಿ ಎಂದು ಕರೆದು, ಉಂಡವರು ಎದ್ದ ಕೂಡಲೇ ಅವನನ್ನೂ ಹೊರಗೆ ಕಳಿಸುತ್ತಾರೆ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವರು ಬದಲಿಗಳು. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾದಾಗ ಬದಲಿಗಳನ್ನು ಕಾಯಂ ಮಾಡಬೇಕೆಂಬುದೂ ಬೇಡಿಕೆಗಳಲ್ಲಿ ಒಂದಾಗಿತ್ತು. ನಾನು ಆಗ ಹುಟ್ಟಿರಲಿಲ್ಲ. ನೀವೇ ಹೇಳಿ ಕೇಳಿದ್ದೇನೆ. ಆದರೆ ಒಂದು ಭೇದವುಂಟು. ಗಿರಣಿಯ ಬದಲಿಗೆ ಕೆಲಸ ಸಿಗುತ್ತಿದ್ದುದು ಕಾಯಂ ಆಳು ಖಾಡಾ ಮಾಡಿದಾಗ. ಕಾಲೇಜಿನಲ್ಲಿ ಖಾಡಾ ಮಾಡುವ ಆಳೇ ಇಲ್ಲ! ಹುದ್ದೆಯೇ ಖಾಲಿ. ಹತ್ತು ಹದಿನೈದು ವರ್ಷ ಒಬ್ಬನೇ ಪಾಠ ಹೇಳಿದರೂ ಅವನು ಬದಲಿಯೇ. ಬೇರೆ ಊರಿನಿಂದ ಕಾಯಂ ಮೇಷ್ಟರು ವರ್ಗವಾಗಿ ಬಂದರೆ ಇವನ ಪಾಠ ಹೋಯಿತು, ಪಗಾರವೂ ಹೋಯಿತು.

ಪಗಾರದ ಲೆಕ್ಕ ಕೇಳಿ. 2022ರ ಜನವರಿಯವರೆಗೆ ತಿಂಗಳಿಗೆ 11,000ದಿಂದ 13,000 ರೂಪಾಯಿ. ಎಂ.ಎ. ಓದಿದವರಿಗೆ, ಪಿಎಚ್.ಡಿ. ಮಾಡಿದವರಿಗೆ! ಆ ತಿಂಗಳು ಸರ್ಕಾರ ಅದನ್ನು 26,000ದಿಂದ 32,000ಕ್ಕೆ ಏರಿಸಿತು. ಒಳ್ಳೆಯದೇ, ನಾನು ಹಳಿಯುವುದಿಲ್ಲ. ಆದರೆ ವಾರಕ್ಕೆ 8-10 ಗಂಟೆ ಇದ್ದ ಪಾಠವನ್ನು ಅದರ ಜೊತೆಗೇ 15 ಗಂಟೆ ಮಾಡಿದರು. ಪಾಠ ಮೊದಲಿದ್ದಷ್ಟೇ, ಒಬ್ಬೊಬ್ಬರ ಪಾಲು ದೊಡ್ಡದು. ಹಾಗಾದರೆ ಮಿಕ್ಕವರು ಎಲ್ಲಿಗೆ ಹೋಗಬೇಕು? ಸಪ್ಲೈಯರನಿಗೆ ಪಗಾರ ಹೆಚ್ಚಿಸಿ, ನಾಲ್ಕು ಮೇಜಿದ್ದವನಿಗೆ ಏಳು ಮೇಜು ಕೊಟ್ಟು, ಪಕ್ಕದವನ ಗಂಟು ಕಟ್ಟಿಸಿದ ಧಣಿಯನ್ನು ನಾನು ಕಂಡಿದ್ದೇನೆ. ಉಳಿದವನು ಧಣಿಯನ್ನು ಹೊಗಳುತ್ತಾನೆ, ಹೋದವನ ಮುಖ ನೋಡಲು ನಾಚುತ್ತಾನೆ. ಒಗ್ಗಟ್ಟು ಮುರಿಯಲು ಬೇರೆ ಉಪಾಯ ಬೇಡ.

ಆದರೂ ಅವರು ಮುರಿಯಲಿಲ್ಲ. 2023ರ ನವೆಂಬರಿನಲ್ಲಿ ತರಗತಿ ಬಿಟ್ಟು ಮುಷ್ಕರಕ್ಕೆ ಕುಳಿತರು. ಹೊಸ ವರ್ಷದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದೇ ಹೊರಟರು. ಸರ್ಕಾರ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಿಸುವುದಾಗಿಯೂ, 60 ವರ್ಷ ತುಂಬಿದವರಿಗೆ 5 ಲಕ್ಷದ ಇಡುಗಂಟು ಕೊಡುವುದಾಗಿಯೂ ಹೇಳಿತು. ಅವರು ಕೇಳಿದ್ದು ಕಾಯಂ. ಅದು ಮಾತ್ರ ಸಿಗಲಿಲ್ಲ.

ಇದು ಕರ್ನಾಟಕದ ಕಥೆ ಮಾತ್ರವಲ್ಲ. ನಾವು ಅನ್ನ ಉಣ್ಣುವ ಈ ಮಹಾರಾಷ್ಟ್ರದಲ್ಲಿ ತಾಸಿನ ಲೆಕ್ಕದ ಮೇಷ್ಟರಿದ್ದಾರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ‘ಅಡ್‌ಹಾಕ್’ ಮೇಷ್ಟರನ್ನು ನಾಲ್ಕು ನಾಲ್ಕು ತಿಂಗಳಿಗೆ ನೇಮಿಸಿ, ನಡುವೆ ಒಂದು ದಿನ ಕಡಿತ ಮಾಡಿ ಮತ್ತೆ ನೇಮಿಸುತ್ತಿದ್ದರು. 240 ದಿನ ತುಂಬುವ ಮೊದಲೇ ಮಾಣಿಯನ್ನು ಬಿಡಿಸಿ, ಬೇರೆ ಹೆಸರಿನಲ್ಲಿ ಸೇರಿಸಿಕೊಳ್ಳುವ ವಿದ್ಯೆ ನಮ್ಮ ಧಣಿಗಳಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆ. ವಿಶ್ವವಿದ್ಯಾಲಯವೂ ಅದನ್ನು ಕಲಿತಿದೆ.

ಈಗ ವಿಚಿತ್ರವಾದ ಮಾತೊಂದನ್ನು ಹೇಳುತ್ತೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದ ಆಳನ್ನು ಕೆಲಸವಿಲ್ಲವೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ವರ್ಷಕ್ಕೆ ಹದಿನೈದು ದಿನದ ಪಗಾರ ಪರಿಹಾರ ಕೊಡಬೇಕಿತ್ತು. ಲೋಟ ತೊಳೆಯುವ ಹುಡುಗನಿಗೂ ಆ ಹಕ್ಕು. ಮೇಷ್ಟರಿಗೆ ಇಲ್ಲ! ಗೋವೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ತೀರ್ಪಿತ್ತಿತು. ಬೋಧನೆ ಉದಾತ್ತ ಕಾರ್ಯವಂತೆ. ಉದಾತ್ತ ಎಂದು ಕರೆಸಿಕೊಂಡು ನೋಟೀಸೂ ಇಲ್ಲದೆ ಮನೆಗೆ ಹೋಗುವುದಕ್ಕಿಂತ ಕಾರ್ಮಿಕನೆನಿಸಿಕೊಳ್ಳುವುದೇ ಲೇಸಲ್ಲವೇ?

ಕೋರ್ಟಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಉಮಾದೇವಿ ಮೊಕದ್ದಮೆ ಎಂದು ಹೆಸರಾದ 2006ರ ತೀರ್ಪಿನಲ್ಲಿ, ತಾತ್ಕಾಲಿಕವಾಗಿ ಸೇರಿದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದರು. ಅದೇ ನ್ಯಾಯಾಲಯ 2025ರ ಆಗಸ್ಟಿನಲ್ಲಿ, ಗುಜರಾತಿನಲ್ಲಿ 30,000 ರೂಪಾಯಿಗೆ ದುಡಿಯುತ್ತಿದ್ದ ಗುತ್ತಿಗೆ ಪ್ರಾಧ್ಯಾಪಕರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಕೊಡಬೇಕೆಂದು ಆಜ್ಞೆ ಮಾಡಿತು. ಕೋರ್ಟಿನಿಂದ ಪಗಾರ ಬರಬಹುದು. ಖಾಲಿ ಹುದ್ದೆ ತುಂಬಬೇಕಾದವರು ವಿಧಾನಸೌಧದಲ್ಲಿದ್ದಾರೆ. ಅವರಿಗೆ ಓಟು ಬೇಕು, ಊರಿನ ಪಟ್ಟಿಯಲ್ಲಿ ನಮ್ಮಲ್ಲಿ ಅನೇಕರ ಹೆಸರೂ ಇದೆ.

ಆದ್ದರಿಂದ ಸಭೆಯ ಮುಂದೆ ಒಂದು ಕೆಲಸ ಇಡುತ್ತೇನೆ. ದೀಪಾವಳಿಗೆ ಊರಿಗೆ ಹೋದವರು ಮಕ್ಕಳ ಕಾಲೇಜಿಗೆ ಒಮ್ಮೆ ಹೋಗಿ. ಎಷ್ಟು ಹುದ್ದೆ, ಕಾಯಂ ಎಷ್ಟು, ಅತಿಥಿಗಳು ಎಷ್ಟು ಎಂದು ಪ್ರಿನ್ಸಿಪಾಲರನ್ನು ಕೇಳಿ ಬರೆದುಕೊಂಡು ಬನ್ನಿ. ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಬರೆಯಲು ಬಾರದವರು ಸಂಘದ ಕಚೇರಿಗೆ ಬನ್ನಿ, ಬರೆದು ಕೊಡುತ್ತೇವೆ.